ಕಾರ್ಯದರ್ಶಿಗಳ ಕುತ್ತಿಗೆ

ಕಾರ್ಯದರ್ಶಿಗಳ ಕಿವಿ ಬಹಳ ಶುದ್ಧವಾದದ್ದು ಎಂಬ ಮಾತು ಆ ಬಡಾವಣೆಯಲ್ಲಿ ಹಬ್ಬಿದ್ದಕ್ಕೆ ಒಂದು ಅರ್ಧ ಗಡ್ಡವೇ ಕಾರಣ. ಆರೇಳು ವರ್ಷಗಳ ಹಿಂದೆ ಅವರು ಕ್ಷೌರದಂಗಡಿಯ ಕುರ್ಚಿಯಲ್ಲಿ ಕೂತಿದ್ದಾಗ, ಬಲಗೆನ್ನೆ ಮುಗಿದು ಎಡಗೆನ್ನೆಗೆ ನೊರೆ ಹಚ್ಚುವ ಹೊತ್ತಿಗೆ, ರೇಡಿಯೋದಲ್ಲಿ ಯಾವುದೋ ಕುಣಿತದ ಹಾಡು ಶುರುವಾಯಿತು. ಕಾರ್ಯದರ್ಶಿಗಳು ಎದ್ದು, ಕೊರಳಿಗೆ ಸುತ್ತಿದ್ದ ಬಟ್ಟೆ ಬಿಚ್ಚಿಟ್ಟು, ನೊರೆ ಸಮೇತ ಬೀದಿಗಿಳಿದು ಮನೆ ಕಡೆ ನಡೆದುಬಿಟ್ಟರು. ನಿಜ ಹೇಳಬೇಕೆಂದರೆ, ಮನೆಯಲ್ಲಿ ಗ್ಯಾಸ್ ಒಲೆ ಆರಿಸಿದ್ದೆನೋ ಇಲ್ಲವೋ ಎಂಬ ಅನುಮಾನ ಅವರಿಗೆ ಆಗ ತಟ್ಟನೆ ಬಂದಿತ್ತು, ಅಷ್ಟೇ. ಆದರೆ ದಾರಿಯಲ್ಲಿ ಎದುರಾದ ಶಾಸ್ತ್ರೀಯ ಸಂಗೀತ ಶ್ರೋತೃ ಸಂಘದ ಅಧ್ಯಕ್ಷರು, "ಆ ದರಿದ್ರದ ಹಾಡು ತಡ್ಕೊಳ್ಳೋಕಾಗ್ದೆ ಎದ್ದು ಬಂದ್ರಾ?" ಎಂದು ಕೇಳಿದಾಗ ಇವರು "ಹೌದು" ಎಂದುಬಿಟ್ಟರು. ಆ ಒಂದು ಹೌದಿಗೆ ಪ್ರತಿಫಲವಾಗಿ ಮುಂದಿನ ವಾರವೇ ಸಂಘದ ಕಾರ್ಯದರ್ಶಿ ಪದವಿ ಮನೆ ಬಾಗಿಲಿಗೆ ಬಂತು. ಅಂದಿನಿಂದ ಅವರ ಹೆಸರು ಎಲ್ಲರಿಗೂ ಮರೆತುಹೋಗಿ, ಹಾಲಿನವನಿಗೂ ಅವರು ಕಾರ್ಯದರ್ಶಿಗಳೇ ಆದರು.

ಹೊಟ್ಟೆಪಾಡಿಗೆ ಅವರು ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ಗುಮಾಸ್ತರು. ಒಂದು ಫೋನು, ತಲೆಗೆ ಹಾಕಿಕೊಳ್ಳುವ ಒಂದು ಹೆಡ್‌ಫೋನು, ಎದುರಿಗೆ ಒಂದು ಕಿಂಡಿ. ನೀರು ಬಾರದವರು, ನೀರು ಹೆಚ್ಚಾದವರು, ನೀರಿನಲ್ಲಿ ಎರೆಹುಳು ಕಂಡವರು, ಎಲ್ಲರೂ ಬೆಳಗಿನಿಂದ ಸಂಜೆಯವರೆಗೆ ಅವರ ಮೇಲೆ ಕೂಗಾಡುತ್ತಾರೆ. ಅವರು "ಆಗುತ್ತೆ ಸ್ವಾಮಿ, ನೋಡ್ತೀವಿ ಅಮ್ಮಾ" ಎನ್ನುತ್ತಾರೆ. ಹತ್ತೊಂಬತ್ತು ವರ್ಷಗಳಲ್ಲಿ ಅವರು ಒಮ್ಮೆಯೂ ದನಿ ಎತ್ತಿದವರಲ್ಲ. ಮನೆಯಲ್ಲೂ ಅಷ್ಟೇ, ಸಂಘದಲ್ಲೂ ಅಷ್ಟೇ.

ಹೀಗಿದ್ದಾಗ ಒಂದು ಬೆಳಿಗ್ಗೆ ಬೀದಿಯ ವಿದ್ಯುತ್ ಕಂಬಗಳ ಮೇಲೆಲ್ಲ ಕಪ್ಪು ಪೋಸ್ಟರು ಕಂಡಿತು. ನಡುವೆ ಹಲ್ಲುಹಲ್ಲಾದ ಒಂದು ಗರಗಸದ ಚಿತ್ರ. ಕೆಳಗೆ, "ಗರಗಸ. ಹೆವಿ ಮೆಟಲ್. ಪುರಸಭೆ ಮೈದಾನ. ಶನಿವಾರ ಸಂಜೆ ಏಳಕ್ಕೆ" ಎಂದು ಬರೆದಿತ್ತು. ಅದೇ ಶನಿವಾರ ಸಂಜೆ ಏಳಕ್ಕೆ, ಅದೇ ಮೈದಾನಕ್ಕೆ ಗೋಡೆ ಹಂಚಿಕೊಂಡ ಸಂಘದ ಸಭಾಂಗಣದಲ್ಲಿ ಇಪ್ಪತ್ತೈದನೇ ವರ್ಷದ ಪಿಟೀಲು ಕಚೇರಿ ನಡೆಯುವುದಿತ್ತು. ಎಂಬತ್ತೊಂದು ವರ್ಷದ ಪಿಟೀಲು ವಿದ್ವಾಂಸರು ಬರಲು ಒಪ್ಪಿದ್ದರು.

ಅಧ್ಯಕ್ಷರು ತುರ್ತು ಸಭೆ ಕರೆದರು. ಅವರು ನ್ಯಾಯಾಲಯದ ನಿವೃತ್ತ ಬೆರಳಚ್ಚುಗಾರರು. ಮೂವತ್ತೈದು ವರ್ಷ ಇತರರ ವಾದಗಳನ್ನು ಟೈಪು ಮಾಡಿ ಮಾಡಿ, ಸ್ವಂತ ವಾದ ಹೂಡುವ ಆಸೆ ಅವರೊಳಗೆ ಹಾಗೇ ಉಳಿದುಕೊಂಡಿತ್ತು.

"ಹೆವಿ ಮೆಟಲ್ ಅಂದ್ರೆ ಭಾರದ ಲೋಹ," ಎಂದರು ಅಧ್ಯಕ್ಷರು. "ಲೋಹದ ಪಕ್ಕದಲ್ಲಿ ಪಿಟೀಲು ನುಡಿಸೋಕಾಗತ್ತಾ? ಪುರಸಭೆಗೆ ಆಕ್ಷೇಪಣೆ ಹಾಕೋಣ. ಆದ್ರೆ ಬರೀ ಬಯ್ದ್ರೆ ಆಗಲ್ಲ, ಪುರಾವೆ ಬೇಕು. ಕಾರ್ಯದರ್ಶಿಗಳೇ, ನಿಮ್ಮಷ್ಟು ಶುದ್ಧವಾದ ಕಿವಿ ಇಲ್ಲಿ ಯಾರಿಗೂ ಇಲ್ಲ. ಆ ಗರಗಸದ ಹಾಡು ಕೇಳಿ, ಎಷ್ಟನೇ ನಿಮಿಷ ಎಷ್ಟನೇ ಸೆಕೆಂಡಿನಲ್ಲಿ ಏನೇನು ಆಕ್ಷೇಪಾರ್ಹ ಅಂತ ಪಟ್ಟಿ ಮಾಡ್ಕೊಂಡು ಬನ್ನಿ."

"ನಾನಾ?" ಎಂದರು ಕಾರ್ಯದರ್ಶಿಗಳು.

"ಸಂಘಕ್ಕೋಸ್ಕರ ಕಿವಿ ತ್ಯಾಗ ಮಾಡೋರು ಇನ್ಯಾರಿದಾರೆ?"

"ಆಗಲಿ," ಎಂದರು ಕಾರ್ಯದರ್ಶಿಗಳು.

ಆಫೀಸಿನ ಹೆಡ್‌ಫೋನನ್ನು ಚೀಲದಲ್ಲಿ ಹಾಕಿಕೊಂಡು ಬಂದು, ಹೆಂಡತಿಗೆ ತೊಂದರೆಯಾಗಬಾರದೆಂದು ಮನೆಯ ಉಗ್ರಾಣದಲ್ಲಿ ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತರು. ತಲೆನೋವಿನ ಮಾತ್ರೆಯನ್ನು ಮುಂಚಿತವಾಗಿಯೇ ನುಂಗಿದ್ದರು. ಮೊಣಕಾಲ ಮೇಲೆ ನೋಟ್‌ಬುಕ್ಕು, ಕೈಯಲ್ಲಿ ಪೆನ್ನು. ಮೊಬೈಲಿನಲ್ಲಿ ಹಾಡು ಒತ್ತಿದರು.

ಹದಿನಾಲ್ಕನೇ ಸೆಕೆಂಡಿಗೆ "ಕಿರುಚಾಟ" ಎಂದು ಬರೆದರು. ಇಪ್ಪತ್ತೆರಡಕ್ಕೆ "ಡ್ರಮ್ಮು, ಅನಗತ್ಯ" ಎಂದು ಬರೆದರು. ಒಂದನೇ ನಿಮಿಷಕ್ಕೆ "ಮತ್ತೂ ಕಿರುಚಾಟ, ಮೊದಲಿನದಕ್ಕಿಂತ ಆಳ" ಎಂದು ಬರೆದರು. ಎರಡು ನಿಮಿಷ ನಲವತ್ತಕ್ಕೆ ಪೆನ್ನು ಕಾಗದದ ಮೇಲೆ ನಿಂತಿತು. ನಿಂತದ್ದು ಹಾಡು ಮುಗಿಯುವವರೆಗೂ ಅಲ್ಲಾಡಲಿಲ್ಲ. ತುಕ್ಕು ಹಿಡಿದ ಗೇಟನ್ನು ನಾಲ್ಕು ಜನ ಎಳೆದಂತಿದ್ದ ಆ ದನಿ, ದಿನಕ್ಕೆ ನೂರಿಪ್ಪತ್ತು ಬೈಗುಳ ಕೇಳಿ "ಆಗುತ್ತೆ ಸ್ವಾಮಿ" ಎನ್ನುವ ಒಬ್ಬ ಗುಮಾಸ್ತನ ಪರವಾಗಿ, ಜೀವಮಾನದಲ್ಲೇ ಮೊದಲ ಸಲ, ಯಾರೋ ತಿರುಗಿ ಕೂಗಿದಂತೆ ಅವರಿಗೆ ಕೇಳಿಸಿತು. ಪಟ್ಟಿ ಅಪೂರ್ಣವಾಗಿದ್ದರಿಂದ ಕರ್ತವ್ಯಬುದ್ಧಿಯಿಂದ ಎರಡನೇ ಸಲ ಕೇಳಿದರು. ಮೂರನೇ ಸಲ ಮೊದಲೆರಡನ್ನು ತಾಳೆ ನೋಡುವುದಕ್ಕೆ. ನಾಲ್ಕನೇ ಸಲಕ್ಕೆ ಅವರ ಬಳಿ ಕಾರಣವಿರಲಿಲ್ಲ.

ಮೂರು ದಿನ ಹೀಗೆ ನಡೆಯಿತು. ಆಫೀಸಿನಿಂದ ಬಂದವರೇ "ಪುರಾವೆ ಕೆಲಸ ಇದೆ" ಎಂದು ಉಗ್ರಾಣ ಸೇರುತ್ತಿದ್ದರು. ಪಟ್ಟಿಯನ್ನೇನೋ ಎರಡನೇ ದಿನವೇ ಅಧ್ಯಕ್ಷರಿಗೆ ಕೊಟ್ಟಾಗಿತ್ತು. ಮೂರನೇ ದಿನ ಹೆಂಡತಿ ಪೊರಕೆಗಾಗಿ ಉಗ್ರಾಣದ ಬಾಗಿಲು ತೆಗೆದರು. ಗಂಡ ಬಕೆಟ್ ಮೇಲೆ ಕೂತು, ಕಣ್ಣು ಮುಚ್ಚಿ, ಹಲ್ಲು ಕಚ್ಚಿ, ತಲೆಯನ್ನು ಎದೆಗೂ ಬೆನ್ನಿಗೂ ರಪರಪನೆ ಎತ್ತಿ ಬಡಿಯುತ್ತಿದ್ದರು. ಇದ್ದ ನಾಲ್ಕು ಕೂದಲೂ ಎದ್ದು ನಿಂತಿದ್ದವು. ಕೋಣೆಯಲ್ಲಿ ಸದ್ದೇ ಇಲ್ಲ.

ಹೆಂಡತಿ ಬಾಗಿಲನ್ನು ಮೆಲ್ಲಗೆ ಮುಚ್ಚಿ, ಪಕ್ಕದ ಮನೆಗೆ ಓಡಿ, ನರ್ಸಮ್ಮನನ್ನು ಕೈಹಿಡಿದು ಎಳೆತಂದರು. ನರ್ಸಮ್ಮ ಆಸ್ಪತ್ರೆಯಿಂದ ನಿವೃತ್ತರಾಗಿ ಎಂಟು ವರ್ಷವಾಗಿದ್ದರೂ ರೋಗಿಗಳಿಂದ ನಿವೃತ್ತರಾಗಿರಲಿಲ್ಲ. ಬಾಗಿಲ ಸಂದಿಯಿಂದ ಒಂದು ಕಣ್ಣಿಟ್ಟು ನೋಡಿ, ಇನ್ನೊಂದು ಕಣ್ಣಿಟ್ಟು ಖಚಿತ ಮಾಡಿಕೊಂಡರು.

"ಎಷ್ಟು ದಿನದಿಂದ ಹೀಗೆ?"

"ಮೂರು ದಿನದಿಂದ ಒಳಗೆ ಸೇರ್ಕೊಳ್ತಿದಾರೆ. ಪುರಾವೆ ಅಂತಾರೆ."

"ಮಾತು ತೊದಲತ್ತಾ?"

"ಮಾತೇ ಆಡಲ್ಲ ನರ್ಸಮ್ಮ. ಅದು ಮೊದಲಿಂದಲೂ ಹಾಗೇ."

"ನರ," ಎಂದರು ನರ್ಸಮ್ಮ. "ಕುತ್ತಿಗೆಯಿಂದ ತಲೆಗೆ ಹೋಗೋ ನರ. ಮುಟ್ಟಬೇಡಿ, ತಾನಾಗೇ ನಿಲ್ಲಲಿ."

ಹಾಡು ಮುಗಿದು ಕಾರ್ಯದರ್ಶಿಗಳು ಕಣ್ಣು ಬಿಟ್ಟಾಗ ಬಾಗಿಲಲ್ಲಿ ಇಬ್ಬರು ಹೆಂಗಸರು ನಿಂತಿದ್ದರು. ಒಬ್ಬರ ಕಣ್ಣಲ್ಲಿ ನೀರು, ಇನ್ನೊಬ್ಬರ ಕೈಯಲ್ಲಿ ಥರ್ಮಾಮೀಟರು.

"ಏನಾಯ್ತು ರೀ?" ಎಂದರು ಹೆಂಡತಿ.

ಹಾಡು ಇಷ್ಟವಾಯಿತು ಎಂಬ ಎರಡು ಪದ ಹೇಳಿದ್ದರೆ ಈ ಕಥೆ ಇಲ್ಲಿಗೆ ಮುಗಿಯುತ್ತಿತ್ತು. ಆದರೆ ನರ್ಸಮ್ಮ ಸಂಘದ ಖಾಯಂ ಸದಸ್ಯೆ. ಅವರ ಕಿವಿಗೆ ಬಿದ್ದದ್ದು ಅಧ್ಯಕ್ಷರ ಕಿವಿಗೆ ಬೀಳಲು ಕಾಲು ಗಂಟೆ ಸಾಕು.

"ಕುತ್ತಿಗೆ," ಎಂದರು ಕಾರ್ಯದರ್ಶಿಗಳು. "ಸ್ವಲ್ಪ ಹಿಡಿದಿತ್ತು."

ಅರ್ಧ ಗಂಟೆಯೊಳಗೆ ಅವರ ಕುತ್ತಿಗೆಗೆ ಗಲ್ಲದಿಂದ ಎದೆಯವರೆಗೆ ಬರುವ ಒಂದು ದಪ್ಪ ಬಿಳಿ ಪಟ್ಟಿ ಬಿದ್ದಿತ್ತು. ನರ್ಸಮ್ಮನ ಮನೆಯಲ್ಲಿ ಅಂಥವು ಮೂರು ಅಳತೆಯಲ್ಲಿದ್ದವು. ಮಲಗುವಾಗಲೂ ತೆಗೆಯಬಾರದು, ಕೆಳಗೆ ನೋಡಬಾರದು, ಹೌದು ಎಂದು ತಲೆ ಆಡಿಸಬಾರದು ಎಂದು ಅಪ್ಪಣೆಯಾಯಿತು. ತಲೆ ಆಡಿಸಬಾರದೆಂಬ ಮಾತು ಕೇಳಿ ಕಾರ್ಯದರ್ಶಿಗಳಿಗೆ ಪಾಪಪ್ರಜ್ಞೆಯ ನಡುವೆಯೂ ಒಂದು ಬಗೆಯ ದುಃಖವಾಯಿತು. ಹೆಂಡತಿ ಎರಡು ಹೊತ್ತು ಬಿಸಿನೀರಿನ ಶಾಖ ಕೊಡತೊಡಗಿದರು. ಕೊಡುವಾಗ ಬೆನ್ನ ಹಿಂದೆ ಮೂಗು ಒರೆಸಿಕೊಳ್ಳುವ ಸದ್ದು ಕೇಳುತ್ತಿತ್ತು.

ಆಫೀಸಿನಲ್ಲಿ ಇನ್ನೊಂದು ವಿಪರೀತ. ಕಿಂಡಿಯಲ್ಲಿ ಬಗ್ಗಿ ಬಯ್ಯಲು ಬಂದವರು ಕುತ್ತಿಗೆ ಪಟ್ಟಿ ನೋಡಿದ್ದೇ ಸ್ವರ ಇಳಿಸುತ್ತಿದ್ದರು. "ಅಯ್ಯೋ ಪಾಪ, ಏನಾಯ್ತು ಸಾರ್? ನಮ್ಮ ನೀರು ಇರಲಿ, ನಾಳೆ ಬಂದ್ರೂ ಆಯ್ತು." ಒಬ್ಬರು ಎಣ್ಣೆ ತಂದುಕೊಟ್ಟರು. ನೀರಿನಲ್ಲಿ ಎರೆಹುಳು ಕಂಡಿದ್ದ ಹೆಂಗಸು ತನ್ನ ಭಾವನಿಗೆ ಹೀಗೇ ಶುರುವಾಗಿ ಆಮೇಲೆ ಎಡಗಾಲೂ ಹೋಯಿತೆಂದು ಸಮಾಧಾನ ಹೇಳಿದರು. ಮೇಲಧಿಕಾರಿ ಬಂದು, "ನಿಮ್ಮಿಂದ ದೂರುಗಳೇ ಕಡಿಮೆ ಆಗಿವೆ ಕಣ್ರೀ. ಈ ಪಟ್ಟಿ ತೆಗೀಬೇಡಿ," ಎಂದು ಭುಜ ತಟ್ಟಿದರು.

ನಿಜ ಹೇಳಿಬಿಡೋಣ ಎಂದು ಕಾರ್ಯದರ್ಶಿಗಳು ಒಂದು ಸಲ ಪ್ರಯತ್ನಿಸದೆ ಇರಲಿಲ್ಲ. ಐದನೇ ದಿನ ಶಾಖ ಕೊಡುವಾಗ ಗಂಟಲು ಸರಿಪಡಿಸಿಕೊಂಡು ಶುರು ಮಾಡಿದರು.

"ನೋಡು, ಒಂದು ವಿಷ್ಯ ಹೇಳ್ಬೇಕಿತ್ತು. ನನಗೆ ಅದು... ಇಷ್ಟ ಆಗ್ಬಿಟ್ಟಿದೆ."

"ಯಾವುದು, ಈ ಪಟ್ಟಿನಾ?" ಎಂದರು ಹೆಂಡತಿ. "ಅದಕ್ಕೇನಂತೆ. ನರ್ಸಮ್ಮನ ಹತ್ರ ಇನ್ನೊಂದು ಇದೆ, ಇಸ್ಕೊಂಡು ಬರ್ತೀನಿ. ಒಂದು ಒಗೆಯೋಕೆ, ಒಂದು ಹಾಕ್ಕೊಳ್ಳೋಕೆ."

"ಪಟ್ಟಿ ಅಲ್ಲ..."

"ಮಾತಾಡ್ಬೇಡಿ. ಮಾತಾಡಿದ್ರೆ ನರ ಎಳೆಯತ್ತೆ ಅಂದಿದಾರೆ."

ಆರನೇ ದಿನ ಅಧ್ಯಕ್ಷರು ಬಂದರು. ಹಣ್ಣಿನ ಚೀಲ ಟೀಪಾಯಿ ಮೇಲಿಟ್ಟು, ಕನ್ನಡಕ ಒರೆಸಿ ಹಾಕಿಕೊಂಡು, ಕುತ್ತಿಗೆಯನ್ನು ಮೂರು ದಿಕ್ಕಿನಿಂದ ಪರೀಕ್ಷಿಸಿದರು.

"ಇದು ಶುರು ಆಗಿದ್ದು ಯಾವಾಗ?"

"ಆ ಹಾಡು ಕೇಳ್ತಾ ಕೇಳ್ತಾನೇ," ಎಂದರು ಜೊತೆಗೆ ಬಂದಿದ್ದ ನರ್ಸಮ್ಮ. "ನಾನೇ ಕಣ್ಣಾರೆ ನೋಡ್ದೆ. ಕಿವಿಗೆ ಅದನ್ನ ಹಾಕ್ಕೊಂಡಿದ್ರು, ತಲೆ ಅದರ ಪಾಡಿಗೆ ಅದು ಬಡ್ಕೊಳ್ತಿತ್ತು."

ಅಧ್ಯಕ್ಷರ ಮುಖ ಅರಳಿತು. ಮೂವತ್ತೈದು ವರ್ಷ ಟೈಪು ಮಾಡಿದ ಯಾವ ಕಡತದಲ್ಲೂ ಇಂಥ ಪುರಾವೆ ಅವರ ಕೈಗೆ ಸಿಕ್ಕಿರಲಿಲ್ಲ. "ಅಂದ್ರೆ ಆ ಹಾಡು ನಮ್ಮ ಕಾರ್ಯದರ್ಶಿಗಳ ಕುತ್ತಿಗೆ ಮುರೀತು," ಎಂದು ನಿಧಾನವಾಗಿ, ಒಂದೊಂದು ಅಕ್ಷರವನ್ನೂ ಒತ್ತಿ ಹೇಳಿದರು. "ನಾಡಿದ್ದು ಪುರಸಭೆಯಲ್ಲಿ ವಿಚಾರಣೆ. ನೀವು ಬಾಯಿ ತೆಗೆಯೋದೇ ಬೇಡ. ಬಂದು ಕೂತ್ಕೊಳ್ಳಿ ಸಾಕು. ನಿಮ್ಮ ಕುತ್ತಿಗೆ ಮಾತಾಡತ್ತೆ."

"ನಾನು ಬರಲೇಬೇಕಾ ಅಧ್ಯಕ್ಷರೇ?"

"ನೀವೇ ಪುರಾವೆ."

ನರ್ಸಮ್ಮ ಪ್ರಮಾಣಪತ್ರ ಬರೆದುಕೊಟ್ಟರು. ಹೆಂಡತಿ ತಾವೂ ಬರುವುದಾಗಿ ಹೇಳಿದರು, ದಾರಿಯಲ್ಲಿ ಏನಾದರೂ ಆದರೆ ಹಿಡಿದುಕೊಳ್ಳಲು ಜನ ಬೇಕಲ್ಲ. ಕಾರ್ಯದರ್ಶಿಗಳು ಎರಡು ದಿನ ಅನ್ನ ನೋಡಿದರೆ ಮುಖ ತಿರುಗಿಸಿದರು. ಅದೂ ರೋಗದ ಲಕ್ಷಣಗಳ ಪಟ್ಟಿಗೆ ಸೇರಿತು.

ವಿಚಾರಣೆ ಪುರಸಭೆಯ ಎರಡನೇ ಮಹಡಿಯ ಕೋಣೆಯಲ್ಲಿ. ಉದ್ದನೆಯ ಮೇಜು, ಅದರಾಚೆ ಪರವಾನಗಿ ಅಧಿಕಾರಿ. ಅವರಿಗೆ ನೆಗಡಿಯಾಗಿತ್ತು, ಊಟದ ಹೊತ್ತೂ ಹತ್ತಿರವಾಗಿತ್ತು, ಇವೆರಡರ ನಡುವೆ ಸಂಗೀತದ ಬಗ್ಗೆ ಅವರಿಗೆ ಯಾವ ಅಭಿಪ್ರಾಯವೂ ಇದ್ದಂತಿರಲಿಲ್ಲ. ಒಂದು ಬದಿಗೆ ಸಂಘದವರು ಆರು ಜನ. ನಡುವಿನ ಕುರ್ಚಿಯಲ್ಲಿ, ಎಲ್ಲರಿಗೂ ಕಾಣುವಂತೆ ಬೆಳಕಿಗೆ ತಿರುಗಿಸಿ, ಕಾರ್ಯದರ್ಶಿಗಳನ್ನು ಕೂರಿಸಿದ್ದರು. ಇನ್ನೊಂದು ಬದಿಗೆ ಒಬ್ಬರೇ. ಐವತ್ತರ ಆಸುಪಾಸಿನ ಪುಟ್ಟ ಹೆಂಗಸು. ಮೈಮೇಲೆ ಕೈಯಿಂದ ಹೆಣೆದ ಸ್ವೆಟರು, ಮೊಣಕಾಲ ಮೇಲೆ ಬಿಸಿನೀರಿನ ಫ್ಲಾಸ್ಕು.

"ಗರಗಸ ಅನ್ನೋರು ಬಂದಿಲ್ವಾ?" ಎಂದರು ಅಧಿಕಾರಿ.

"ನಾನೇ," ಎಂದರು ಆಕೆ. ದನಿ ಎಷ್ಟು ಮೆತ್ತಗಿತ್ತೆಂದರೆ ಅಧಿಕಾರಿ ಇನ್ನೊಮ್ಮೆ ಕೇಳಬೇಕಾಯಿತು.

"ನೀವಾ ಆ ಥರ... ಕೂಗೋದು?"

"ಹನ್ನೊಂದು ವರ್ಷ ಪ್ರೈಮರಿ ಶಾಲೆಯಲ್ಲಿ ಭೂಗೋಳ ಹೇಳ್ಕೊಟ್ಟೆ ಸಾರ್. ಒಂದೊಂದು ಕ್ಲಾಸಿಗೆ ಅರವತ್ತು ಮಕ್ಕಳು. ದನಿ ಅಲ್ಲೇ ಆಯ್ತು."

ಕಾರ್ಯದರ್ಶಿಗಳು ಇಷ್ಟು ದಿನ ಆರಡಿ ಎತ್ತರದ, ಮೈಗೆಲ್ಲ ಹಚ್ಚೆ ಹಾಕಿಸಿಕೊಂಡ ಗಂಡಸನ್ನು ಊಹಿಸಿದ್ದರು. ಈಗ ಅವರಿಗೆ ಆ ಕಡೆ ನೋಡಬೇಕೆನ್ನಿಸಿತು. ಆದರೆ ಪಟ್ಟಿಯಿಂದಾಗಿ ಕುತ್ತಿಗೆ ತಿರುಗಲಿಲ್ಲ, ಕಣ್ಣು ಮಾತ್ರ ಮೂಲೆಗೆ ಹೋಗಿ ನಿಂತಿತು. "ನೋಡಿ, ಈಗ ಕಣ್ಣಿಗೂ ಬಂತು," ಎಂದು ನರ್ಸಮ್ಮ ಹೆಂಡತಿಯ ಕಿವಿಯಲ್ಲಿ ಹೇಳಿದರು.

ಅಧ್ಯಕ್ಷರು ಎದ್ದು ಆಕ್ಷೇಪಣೆ ಓದಿದರು. ಕಲಂ ಒಂದು, ಶಬ್ದ. ಕಲಂ ಎರಡು, ಪಿಟೀಲು ವಿದ್ವಾಂಸರ ವಯಸ್ಸು. ಕಲಂ ಮೂರು, ಕಾರ್ಯದರ್ಶಿಗಳ ಕುತ್ತಿಗೆ, ಪ್ರಮಾಣಪತ್ರ ಸಹಿತ. ಕೋಣೆಯಲ್ಲಿದ್ದವರೆಲ್ಲ ಕುತ್ತಿಗೆಯ ಕಡೆ ತಿರುಗಿದರು. ಗರಗಸ ಎಂಬ ಆ ಹೆಂಗಸು ಕೂಡ ನೋಡಿ, "ಛೆ, ತುಂಬಾ ನೋವಾ?" ಎಂದು ನಿಜವಾದ ಕಾಳಜಿಯಿಂದ ಕೇಳಿದರು. ಕಾರ್ಯದರ್ಶಿಗಳಿಗೆ ನೆಲ ಬಾಯಿಬಿಟ್ಟರೆ ಸಾಕೆನಿಸಿತು.

"ಕಲಂ ನಾಲ್ಕು," ಎಂದರು ಅಧ್ಯಕ್ಷರು, ದನಿ ತಗ್ಗಿಸಿ. "ಇದು ಎಲ್ಲಕ್ಕಿಂತ ಗಂಭೀರ. ಒಂದೇ ಹಾಡಿನಲ್ಲಿ ಈಕೆ ಮೂವತ್ತೆರಡು ಸಲ 'ಕೊಂದೆ, ಕೊಂದೆ' ಅಂತ ಅರಚ್ತಾರೆ. ಸಾರ್ವಜನಿಕ ಮೈದಾನದಲ್ಲಿ, ಕೊಲೆ ಒಪ್ಕೊಂಡು."

ಅಧಿಕಾರಿ ಮೊದಲ ಬಾರಿಗೆ ಕರವಸ್ತ್ರ ಕೆಳಗಿಟ್ಟರು. "ಎಲ್ಲಿ, ಹಾಕಿ ನೋಡೋಣ."

ಹಾಡು ಹಾಕಿದರು. ಪುರಸಭೆಯ ಗೋಡೆಯ ಮೇಲಿನ ನಕ್ಷೆಗಳು ನಡುಗಿದವು. ಕಾರ್ಯದರ್ಶಿಗಳು ಕೈ ಕಟ್ಟಿ, ಕಣ್ಣು ಮುಚ್ಚಿ, ಮನಸ್ಸಿನಲ್ಲಿ ನೀರಿನ ಮೀಟರಿನ ನಂಬರುಗಳನ್ನು ಹೇಳಿಕೊಳ್ಳತೊಡಗಿದರು. ಕುತ್ತಿಗೆ ಪಟ್ಟಿ ತಲೆಯನ್ನು ಬಿಗಿಯಾಗಿ ಹಿಡಿದಿತ್ತು. ಆದರೆ ತಾಳಕ್ಕೆ ಎಲ್ಲಾದರೂ ಹೋಗಬೇಕಲ್ಲ, ಅದು ಬಲ ಮೊಣಕಾಲಿಗೆ ಇಳಿಯಿತು. ಕಾರ್ಯದರ್ಶಿಗಳು ಅದನ್ನು ಎಡಗೈಯಿಂದ ಒತ್ತಿ ಹಿಡಿದರು. ಅದು ಎಡಗಾಲಿಗೆ ಹಾರಿತು. ಬಲಗೈಯಿಂದ ಅದನ್ನೂ ಹಿಡಿದರು. ಆಗ ಎರಡೂ ಭುಜ ಏಳತೊಡಗಿದವು.

"ನೋಡಿ ಸ್ವಾಮಿ, ನೋಡಿ," ಎಂದರು ಅಧ್ಯಕ್ಷರು ಗೆಲುವಿನಿಂದ. "ಕೇಳಿದ ಕೂಡಲೇ ಶುರು."

ಹೆಂಡತಿ ಎದ್ದು ಬಂದು ಗಂಡನ ಭುಜ ಗಟ್ಟಿಯಾಗಿ ಹಿಡಿದುಕೊಂಡರು. ಹಾಡು ಮುಗಿಯಿತು.

"ನನಗೆ ಒಂದಕ್ಷರ ಅರ್ಥವಾಗ್ಲಿಲ್ಲ," ಎಂದರು ಅಧಿಕಾರಿ. "ಕೊಂದೆ ಅಂತ ಹೇಗೆ ಹೇಳ್ತೀರಿ?"

"ನನಗೆ 'ನೊಂದೆ' ಅಂದಹಾಗಿತ್ತು," ಎಂದರು ನರ್ಸಮ್ಮ.

"ಕೊಂದೆ," ಎಂದರು ಅಧ್ಯಕ್ಷರು. "ನಾನೇ ಟೈಪು ಮಾಡಿದೀನಿ."

ಅಧಿಕಾರಿ ಆ ಹೆಂಗಸಿನ ಕಡೆ ನೋಡಿದರು. ಆಕೆ ಫ್ಲಾಸ್ಕಿನಿಂದ ಒಂದು ಗುಟುಕು ಕುಡಿದು, "ನಾನು ಹೇಳಿದ್ರೆ ತಪ್ಪಿಸ್ಕೊಳ್ಳೋಕೆ ಹೇಳ್ದೆ ಅಂತಾರೆ ಸಾರ್. ಕೇಳಿದವರು ಯಾರಾದ್ರೂ ಹೇಳ್ಲಿ," ಎಂದರು.

ಅಧಿಕಾರಿ ಕಡತ ತಿರುವಿದರು. "ಈ ಆಕ್ಷೇಪಣೆ ಪಟ್ಟಿ ಮಾಡಿದ್ದು ಕಾರ್ಯದರ್ಶಿ ಅಂತಿದೆ. ನೀವೇ ತಾನೆ? ಎಷ್ಟು ಸಲ ಕೇಳಿದ್ರಿ?"

"ಕೆಲವು ಸಲ," ಎಂದರು ಕಾರ್ಯದರ್ಶಿಗಳು.

"ಅವರು ಹೇಳೋದು ಕೊಂದೆ ಅಂತಲೋ, ಅಲ್ವೋ? ಸರಿಯಾಗಿ ಹೇಳಿ. ಕೊಂದೆ ಅಂತಾದ್ರೆ ಪರವಾನಗಿ ಇಲ್ಲ, ಇಲ್ಲಿಗೇ ಮುಗೀತು."

ಕಾರ್ಯದರ್ಶಿಗಳು ಕಣ್ಣಂಚಿನಲ್ಲಿ ಅಧ್ಯಕ್ಷರನ್ನು ನೋಡಿದರು. ಅಧ್ಯಕ್ಷರು ಹೌದೆನ್ನಿ ಎಂಬಂತೆ ತಲೆ ಆಡಿಸಿದರು. ಬರೀ ಒಂದು ಹೌದು. ಆ ಪದ ಅವರ ನಾಲಿಗೆಗೆ ಎಷ್ಟು ಅಭ್ಯಾಸವಾಗಿತ್ತೆಂದರೆ, ಹೇಳಲು ಬಾಯಿ ಅರ್ಧ ತೆರೆದೂ ಆಗಿತ್ತು. ಹೇಳಿದ್ದರೆ ಶನಿವಾರ ಆ ದನಿ ಆ ಮೈದಾನಕ್ಕೆ ಬರುತ್ತಿರಲಿಲ್ಲ.

"ಬಂದೆ," ಎಂದರು ಕಾರ್ಯದರ್ಶಿಗಳು.

"ನೀವು ಬಂದಿರೋದು ಕಾಣತ್ತೆ," ಎಂದರು ಅಧಿಕಾರಿ. "ಉತ್ತರ ಹೇಳಿ."

"ಅದೇ ಉತ್ತರ ಸ್ವಾಮಿ. ಅದು ಕೊಂದೆ ಅಲ್ಲ, ಬಂದೆ. ನಾನು ಬಂದೆ ಅಂತಲೇ ಬರೆದಿದ್ದೆ. ಟೈಪಿನಲ್ಲಿ ಬದಲಾಗಿದೆ."

"ನಿಮ್ಮ ಅಕ್ಷರ ಹಾಗಿತ್ತು," ಎಂದರು ಅಧ್ಯಕ್ಷರು, ಮುಖ ಕೆಂಪಾಗಿ.

"ಪೂರ್ತಿ ಹೇಳ್ತೀರಾ?" ಎಂದರು ಅಧಿಕಾರಿ.

ಕಾರ್ಯದರ್ಶಿಗಳು ಎದ್ದು ನಿಂತರು. ಮೊದಲು ದೂರು ಓದಿ ಹೇಳುವ ದನಿಯಲ್ಲಿ ಶುರು ಮಾಡಿದರು. "ಒಲೆ ಕರೀತು, ಬಂದೆ. ಬಾಗಿಲು ಬಡೀತು, ಬಂದೆ. ಹಾಲು ಉಕ್ಕಿತು, ಬಂದೆ. ಮಹಡಿಯಿಂದ ಕೂಗಿದಿರಿ, ಬಂದೆ. ಕೆಳಗಿನಿಂದ ಕೂಗಿದಿರಿ, ಬಂದೆ." ಹೆಂಡತಿ ಭುಜ ಬಿಟ್ಟು ಹಿಂದೆ ಸರಿದರು. ಕಾರ್ಯದರ್ಶಿಗಳ ದನಿ ಒಂದೊಂದು ಸಾಲಿಗೂ ಒಂದೊಂದು ಮೆಟ್ಟಿಲು ಏರುತ್ತಿತ್ತು. ಅವರಿಗೇ ಅದರ ಮೇಲೆ ಹತೋಟಿ ಇದ್ದಂತೆ ಕಾಣಲಿಲ್ಲ. "ಕೈಯಲ್ಲಿದ್ದದ್ದು ಬಿಟ್ಟು ಬಂದೆ. ಕಾಲಲ್ಲಿದ್ದ ಮುಳ್ಳು ತೆಗೆಯದೆ ಬಂದೆ. ಒಂದು ದಿನ ನನ್ನ ಹೆಸರು ನಾನೇ ಕೂಗಿದೆ, ಯಾರೂ ಬರಲಿಲ್ಲ."

"ಅದಾದ್ಮೇಲೆ?" ಎಂದರು ಅಧಿಕಾರಿ.

"ಅದಾದ್ಮೇಲೆ ಪದ ಇಲ್ಲ ಸ್ವಾಮಿ. ಬರೀ..."

ಅದನ್ನು ಹೇಳಿ ತೋರಿಸಲು ಬರುವುದಿಲ್ಲ. ಕಾರ್ಯದರ್ಶಿಗಳು ತಲೆಯನ್ನು ಹಿಂದಕ್ಕೆ ಎಸೆದು, ಹತ್ತೊಂಬತ್ತು ವರ್ಷಗಳಿಂದ ಬಳಸದೆ ಇಟ್ಟಿದ್ದ ದನಿಯನ್ನು ಒಮ್ಮೆಗೇ ಹೊರಗೆ ಬಿಟ್ಟರು. ಕುತ್ತಿಗೆ ಪಟ್ಟಿಯ ಅಂಟು ಚರ್ರನೆ ಬಿಟ್ಟು, ಪಟ್ಟಿ ಮೇಜಿನ ಮೇಲೆ ಬಿತ್ತು. ಪಕ್ಕದ ಕೋಣೆಯ ಜನನ ಮರಣ ನೋಂದಣಿಯವರು ಎದ್ದು ಬಂದು ಬಾಗಿಲಲ್ಲಿ ನಿಂತರು. ತಲೆ ಎದೆಗೆ ಬಂತು, ಬೆನ್ನಿಗೆ ಹೋಯಿತು, ಮತ್ತೆ ಎದೆಗೆ ಬಂತು, ಎಲ್ಲಿಯೂ ಹಿಡಿಯಲಿಲ್ಲ.

ಅದು ನಿಂತ ಮೇಲೆ ಗರಗಸ ಎಂಬ ಹೆಂಗಸು ಫ್ಲಾಸ್ಕಿನ ಮುಚ್ಚಳದಲ್ಲಿ ಬಿಸಿನೀರು ಬಗ್ಗಿಸಿ ಮೇಜಿನ ಈಚೆಗೆ ತಳ್ಳಿದರು. "ಹೊಟ್ಟೆಯಿಂದ ಎತ್ಬೇಕು," ಎಂದರು ಮೆಲ್ಲಗೆ. "ಗಂಟಲಿಂದ ಎತ್ತಿದ್ರೆ ನಾಳೆ ಮಾತು ಬರಲ್ಲ."

"ಕುತ್ತಿಗೆ ಸರಿಯಾಗೇ ಇದೆಯಲ್ಲ," ಎಂದರು ನರ್ಸಮ್ಮ, ತಮ್ಮ ಪ್ರಮಾಣಪತ್ರ ಎಲ್ಲಿದೆಯೆಂದು ಮೇಜಿನ ಮೇಲೆ ಕಣ್ಣಾಡಿಸುತ್ತ.

ಅಧಿಕಾರಿ ಊಟಕ್ಕೆ ಏಳುವ ಮುನ್ನ ತೀರ್ಪು ಬರೆದರು. ಶಬ್ದದವರು ಮಧ್ಯಾಹ್ನ ಮೂರರಿಂದ ಆರು. ಪಿಟೀಲಿನವರು ಏಳರಿಂದ. ಯಾರೂ ಯಾರನ್ನೂ ಕೇಳಿಸಿಕೊಳ್ಳುವ ಅಗತ್ಯವಿಲ್ಲ. ಅಧ್ಯಕ್ಷರು ಮೆಟ್ಟಿಲ ಬಳಿ ಕಾರ್ಯದರ್ಶಿಗಳಿಗಾಗಿ ಕಾದಿದ್ದರು. ಕೈ ಚಾಚಿ, "ಸಂಘದ ಮೊಹರು, ಬೀಗದ ಕೈ," ಎಂದಷ್ಟೇ ಹೇಳಿದರು. ಕಾರ್ಯದರ್ಶಿಗಳು ಜೇಬಿನಿಂದ ತೆಗೆದು ಕೊಟ್ಟರು. ಆ ಕ್ಷಣದಿಂದ ಅವರು ಕಾರ್ಯದರ್ಶಿಗಳಲ್ಲ. ಆದರೆ ಬೇರೆ ಏನೆಂದು ಕರೆಯಬೇಕೋ ಯಾರಿಗೂ ತಿಳಿಯದ ಕಾರಣ ನಾವೂ ಹಾಗೇ ಮುಂದುವರಿಸೋಣ.

ಮನೆಯ ದಾರಿಯಲ್ಲಿ ಹೆಂಡತಿ ಮೂರು ಬೀದಿ ದಾಟುವವರೆಗೆ ಮಾತಾಡಲಿಲ್ಲ. ಕಾರ್ಯದರ್ಶಿಗಳಿಗೆ ಅಧ್ಯಕ್ಷರ ಕೋಪಕ್ಕಿಂತ ಈ ಮೂರು ಬೀದಿ ಉದ್ದವಾಗಿತ್ತು. ನಾಲ್ಕನೆಯ ಬೀದಿಯ ತಿರುವಿನಲ್ಲಿ ಹೆಂಡತಿ ನಿಂತರು.

"ಐದು ದಿನ ಶಾಖ ಕೊಟ್ಟಿದೀನಿ. ಹೊತ್ತಿಗೆ ಎರಡು ಪಾತ್ರೆ ನೀರು ಕಾಯಿಸಿ. ನಿಮ್ಮ ನರ ಹೋಯ್ತು ಅಂತ ನರ್ಸಮ್ಮ ಹೇಳಿದ್ದಕ್ಕೆ ಬಚ್ಚಲಲ್ಲಿ ಕೂತು ಅತ್ತಿದೀನಿ."

"ತಪ್ಪಾಯ್ತು."

"ಒಂದು ಹಾಡು ಇಷ್ಟ ಆಯ್ತು ಅನ್ನೋಕೆ ರೋಗ ಹೇಳ್ಕೊಂಡ್ರಾ?"

"ನಗ್ತೀಯ ಅಂತ..."

"ನಗ್ತಿದ್ದೆ," ಎಂದರು ಹೆಂಡತಿ. "ನಕ್ಕು ಸುಮ್ಮನಾಗ್ತಿದ್ದೆ." ಇನ್ನಷ್ಟು ದೂರ ನಡೆದರು. "ಆ ಹಾಲು ಉಕ್ಕಿದ್ದು, ಬಾಗಿಲು ಬಡಿದದ್ದು, ಅದು ಆ ಹೆಂಗಸೇ ಬರೆದದ್ದಾ?"

"ಹೌದು."

"ನನ್ನ ಮನೆ ಅವಳು ಯಾವಾಗ ನೋಡಿದ್ಲು?" ಎಂದು ತಮಗೆ ತಾವೇ ಹೇಳಿಕೊಂಡು ಹೆಂಡತಿ ಗೇಟು ತೆಗೆದರು. ಆ ಸಂಜೆ ಹೆಡ್‌ಫೋನು ಅವರ ಕೈಗೆ ಹೋಯಿತು. ಮೂರು ಸಲ ಕೇಳಿದರು. ತಲೆ ಆಡಿಸಲಿಲ್ಲ. ಆದರೆ ಮರುದಿನ ಗಂಡ ಮಹಡಿಯಿಂದ ಕೂಗಿದಾಗ "ಇಳಿದು ಬನ್ನಿ" ಎಂದರು.

ಶನಿವಾರ ಬಂತು. ಕಾರ್ಯದರ್ಶಿಗಳು ರಜೆ ಕೇಳಿದರು. "ಕುತ್ತಿಗೆ ಸರಿಹೋಯ್ತಂತಲ್ಲ, ರಜೆ ಯಾಕೆ?" ಎಂದು ಮೇಲಧಿಕಾರಿ ಎರಡರಿಂದ ಎಂಟರವರೆಗಿನ ಪಾಳಿಗೆ ಹಾಕಿದರು. ಹೆಂಡತಿ ನರ್ಸಮ್ಮನನ್ನು ಕರೆದುಕೊಂಡು ಮೈದಾನಕ್ಕೆ ಹೋದರು. ನರ್ಸಮ್ಮ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಹಿಡಿದುಕೊಂಡಿದ್ದರು. ಇತ್ತ ಕಾರ್ಯದರ್ಶಿಗಳು ಮೂರು ಗಂಟೆ ಹೊಡೆಯುವುದನ್ನು ಗೋಡೆ ಗಡಿಯಾರದಲ್ಲಿ ನೋಡುತ್ತ, ಕಿಂಡಿಯ ಹಿಂದೆ ಚಡಪಡಿಸುತ್ತ ಕೂತರು. ಇಷ್ಟೆಲ್ಲ ಮಾನ ಕಳೆದುಕೊಂಡೂ ಆ ದನಿಯನ್ನು ಎದುರಿಗೆ ಕೇಳುವ ಭಾಗ್ಯ ಇಲ್ಲವಾಯಿತಲ್ಲ ಎಂದು ಅವರಿಗೆ ಹೊಟ್ಟೆ ಉರಿಯಿತು.

ಮೂರೂಕಾಲಿಗೆ ಫೋನು ಬಂತು. ಮೈದಾನದ ಪಕ್ಕದ ಬೀದಿಯವರು. ಸೇರಿದ ಜನ ಮೈದಾನದ ನಲ್ಲಿಗಳನ್ನೆಲ್ಲ ತಿರುಗಿಸಿ ನೀರು ಕುಡಿಯುತ್ತಿದ್ದರಿಂದ ಸುತ್ತಲಿನ ಮನೆಗಳಿಗೆ ನೀರು ನಿಂತುಹೋಗಿತ್ತು. "ಒಂದು ಹನಿ ಬರ್ತಿಲ್ಲ ಕಣ್ರೀ," ಎಂದು ಆ ಮನುಷ್ಯ ಕೂಗುತ್ತಿದ್ದ. ಅವನ ಕೂಗಿನ ಹಿಂದೆ, ದೂರದಲ್ಲಿ, ಸ್ಪಷ್ಟವಾಗಿ, ಡ್ರಮ್ಮು ಬಡಿಯುತ್ತಿತ್ತು.

ಕಾರ್ಯದರ್ಶಿಗಳು ನೆಟ್ಟಗೆ ಕೂತರು. "ಸಾರ್, ಫೋನ್ ಇಡಬೇಡಿ. ಯಾವ ನಲ್ಲಿ, ಅಡುಗೆಮನೆಯದಾ ಬಚ್ಚಲಿನದಾ? ಕಿಟಕಿ ಹತ್ತಿರದ್ದಾ? ಹಾಗಾದ್ರೆ ಅಲ್ಲೇ ಹೋಗಿ ನಿಂತು ಹೇಳಿ."

ಹೀಗೆ ಹನ್ನೆರಡು ಮನೆಗಳ ಹನ್ನೆರಡು ಕಿಟಕಿಗಳಿಂದ ಅವರು ಅರ್ಧರ್ಧ ಹಾಡು ಕೇಳಿದರು. ಪ್ರತಿಯೊಬ್ಬರ ಮೀಟರ್ ಸಂಖ್ಯೆ, ನಲ್ಲಿಯ ಬಣ್ಣ, ಕೊನೆಯ ಸಲ ನೀರು ಬಂದ ಗಂಟೆ, ಎಲ್ಲವನ್ನೂ ನಿಧಾನವಾಗಿ ಬರೆದುಕೊಂಡರು. ಐದೂಮುಕ್ಕಾಲಿಗೆ ಹದಿಮೂರನೇ ಕರೆ ಬಂತು.

"ಶ್ರೋತೃ ಸಂಘದ ಸಭಾಂಗಣದಿಂದ. ನಮ್ಮಲ್ಲಿ ಏಳಕ್ಕೆ ಕಚೇರಿ ಇದೆ, ವಿದ್ವಾಂಸರಿಗೆ ಮುಖ ತೊಳೆಯೋಕೂ ನೀರಿಲ್ಲ."

"ಅಧ್ಯಕ್ಷರೇ, ನಾನು."

ಅಧ್ಯಕ್ಷರಿಗೆ ಫೋನು ಇಡಬೇಕೆನಿಸಿರಬೇಕು. ಆದರೆ ಇಟ್ಟರೆ ನೀರು ಕೇಳಲು ಬೇರೆ ನಂಬರು ಇರಲಿಲ್ಲ.

"ದೂರು ಬರ್ಕೊಳ್ಳಿ," ಎಂದರು ಕೊನೆಗೆ.

"ಹೇಳಿ. ಟ್ಯಾಂಕರ್ ಕಳಿಸ್ತೀನಿ, ಅರ್ಧ ಗಂಟೆಯಲ್ಲಿ ಬರತ್ತೆ. ನಲ್ಲಿ ಎಷ್ಟಿವೆ?"

ಅಷ್ಟರಲ್ಲಿ ಗೋಡೆಯಾಚೆ ಆ ಹಾಡೇ ಶುರುವಾಯಿತು. ಅಧ್ಯಕ್ಷರು ನಲ್ಲಿಗಳ ಎಣಿಕೆ ಹೇಳುತ್ತ ಹೇಳುತ್ತ ನಿಧಾನವಾದರು. ಮೂರನೇ ನಲ್ಲಿಯ ಹತ್ತಿರ ಪೂರ್ತಿ ನಿಂತರು. ಕಾರ್ಯದರ್ಶಿಗಳು ಪೆನ್ನು ಹಿಡಿದು ಸುಮ್ಮನೆ ಕಾದರು. ಒಂದು ಪದ ಸರಿಯಾಗಿ ಕೇಳಿಸದಿದ್ದರೆ ಅದನ್ನು ಹಾಗೇ ಬಿಟ್ಟು ಮುಂದಿನ ಸಾಲಿಗೆ ಹೋಗುವುದು ಮೂವತ್ತೈದು ವರ್ಷಗಳಲ್ಲಿ ಅಧ್ಯಕ್ಷರಿಗೆ ಎಂದೂ ಸಾಧ್ಯವಾಗಿರಲಿಲ್ಲ.

"ಅಲ್ರೀ," ಎಂದರು ಅಧ್ಯಕ್ಷರು, ಪಕ್ಕದಲ್ಲಿ ಯಾರೋ ಇದ್ದಾರೇನೋ ಎಂಬಂತೆ ದನಿ ತಗ್ಗಿಸಿ. "ಕೈಯಲ್ಲಿದ್ದದ್ದು ಬಿಟ್ಟು ಬಂದೆ, ಸರಿ. ಈಗ ಅಂದ್ಲಲ್ಲ ಆ ಮುಂದಿನದು, ಅದು 'ಮುಳ್ಳು'ನೋ 'ಮಣ್ಣು'ನೋ?"

"ಕಿಟಕಿ ಇನ್ನೊಂದು ಸ್ವಲ್ಪ ತೆಗೀರಿ ಅಧ್ಯಕ್ಷರೇ," ಎಂದರು ಕಾರ್ಯದರ್ಶಿಗಳು. "ಇಬ್ರೂ ಸರಿಯಾಗಿ ಕೇಳೋಣ."